‘ಒರಿಜಿನಲ್ ಮಷೀನ್’ ಅಂದ್ರೆ ಯಾವ ಒರಿಜಿನಲ್?

ಅಪ್ರೈಸಲ್ ಮುಗಿದು ಬೋನಸ್ ಬರುವ ತಿಂಗಳಲ್ಲಿ ನನ್ನ ಗೆಳೆಯರ ಬಳಗದಲ್ಲಿ ಒಬ್ಬರಿಗಾದರೂ ವಾಚಿನ ಹುಚ್ಚು ಹಿಡಿಯುತ್ತದೆ. ಹೊಸ ಒಮೇಗಾ, ರೋಲೆಕ್ಸ್ ಕೊಳ್ಳುವಷ್ಟು ದುಡ್ಡು ಯಾರ ಹತ್ತಿರವೂ ಇಲ್ಲ. ಹಾಗಾಗಿ ಕಣ್ಣು ಹೋಗೋದು ಸೆಕೆಂಡ್ ಹ್ಯಾಂಡ್ ಕಡೆಗೆ. ಇನ್‌ಸ್ಟಾಗ್ರಾಂನಲ್ಲಿ ಮಾರುವವರು, ವಾಟ್ಸ್‌ಆ್ಯಪ್ ಗ್ರೂಪಿನವರು, ‘ನಮ್ಮ ಪರಿಚಯದವರೇ’ ಎನ್ನುವ ಇನ್ಯಾರೋ. ಮಿರಮಿರ ಮಿಂಚುವ ನಾಲ್ಕು ಫೋಟೋ ನನ್ನ ಫೋನಿಗೆ ಬರುತ್ತವೆ. ಕೆಳಗೆ ಒಂದೇ ಸಾಲು: ‘ಮಷೀನ್ ಒರಿಜಿನಲ್ಲಾ? ಸ್ವಲ್ಪ ನೋಡಿ ಹೇಳೇ.’

ನಾನು ವಾಚ್ ರಿಪೇರಿಯವಳಲ್ಲ. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಯಾರಾದರೂ ‘ಎಲ್ಲಾ ಸರಿ ಇದೆ’ ಅಂದರೆ ‘ಎಲ್ಲಾ ಅಂದ್ರೆ ಏನೇನು?’ ಅಂತ ಕೇಳೋಕೆ ಸಂಬಳ ತಗೊಳ್ಳುವವಳು. ಹಳೇ ವಾಚುಗಳ ಮೇಲೆ ಪ್ರೀತಿ ಹುಟ್ಟಿ ಎಂಟು ವರ್ಷ ಆಯ್ತು. ಅಷ್ಟರಲ್ಲಿ ಅರ್ಥವಾಗಿದ್ದು ಇಷ್ಟು: ಕೊಳ್ಳುವವರು ಕೇಳುವ ‘ಒರಿಜಿನಲ್’ ಬೇರೆ, ಮಾರುವವರು ಹೇಳುವ ‘ಒರಿಜಿನಲ್’ ಬೇರೆ. ಇಬ್ಬರೂ ಸುಳ್ಳು ಹೇಳದೆಯೇ ಒಬ್ಬರು ಮೋಸ ಹೋಗಬಹುದು.

ವಾಚಿನ ಒಳಗಿನ ಯಂತ್ರಕ್ಕೆ ಕಂಪನಿಯವರು ಮೂವ್‌ಮೆಂಟ್ ಅಂತಾರೆ, ಅಂಗಡಿಯವರು ಮಷೀನು ಅಂತಾರೆ. ಅದು ‘ಒರಿಜಿನಲ್’ ಅನ್ನುವುದಕ್ಕೆ ಮೂರು ಅರ್ಥ ಇರಬಹುದು. ಮೊದಲನೆಯದು, ಅದು ಆ ಕಂಪನಿ ಹಾಕುವ ಅಸಲಿ ಮಷೀನು, ನಕಲಿ ಅಲ್ಲ. ಎರಡನೆಯದು, ಅಸಲಿ ಮಾತ್ರವಲ್ಲ, ಇದೇ ಮಾಡೆಲ್ಲಿಗೆ ಕಂಪನಿ ಹಾಕುತ್ತಿದ್ದ ನಂಬರಿನ ಮಷೀನು. ಮೂರನೆಯದು, ಕಾರ್ಖಾನೆಯಿಂದ ಹೊರಬಿದ್ದ ದಿನ ಈ ಕೇಸಿನೊಳಗೆ ಇದ್ದ ಅದೇ ಮಷೀನು, ಇವತ್ತಿಗೂ ಬದಲಾಗದೆ ಉಳಿದಿರುವುದು. ಒಂದು ಹಾಳಾದ ಒಮೇಗಾದ ಮಷೀನನ್ನು ತೆಗೆದು ಇನ್ನೊಂದು ಒಮೇಗಾಕ್ಕೆ ಹಾಕಿ ‘ಒಳಗಿರೋದು ಒಮೇಗಾ ಮಷೀನೇ ಸಾರ್’ ಅಂದರೆ ಆ ಮಾತು ನಿಜವೇ. ನೀವು ದುಡ್ಡು ಕೊಟ್ಟಿದ್ದು ಮಾತ್ರ ಮೂರನೇ ಅರ್ಥಕ್ಕೆ!

ಮೊದಲ ಅರ್ಥದಲ್ಲೂ ಒಂದು ಗೊಂದಲ ಇದೆ. ಹಿಂಬದಿ ಬಿಚ್ಚಿದಾಗ ‘ಇಟಿಎ’ ಅಂತ ಕಂಡರೆ ಕೆಲವರು ಹೌಹಾರುತ್ತಾರೆ. ಇಟಿಎ ಸ್ವಿಟ್ಜರ್ಲೆಂಡಿನ ಮಷೀನು ತಯಾರಕ ಕಂಪನಿ. ಟ್ಯೂಡರ್ ಬಹಳ ವರ್ಷ ಇಟಿಎ ಮಷೀನುಗಳನ್ನೇ ಹಾಕುತ್ತಿತ್ತು. ಟ್ಯಾಗ್ ಹೋಯರ್‌ನ ‘ಕ್ಯಾಲಿಬರ್ 5’ ಎಂಬ ಹೆಸರಿನ ಒಳಗಿರೋದು ಇಟಿಎ ಇಲ್ಲವೇ ಸೆಲಿಟಾ ಕಂಪನಿಯದು. ಒಮೇಗಾದ 1120 ಕೂಡ ಇಟಿಎ 2892 ಆಧರಿಸಿದ್ದು. ಅವು ಮೋಸ ಅಲ್ಲ. ಆ ಮಾಡೆಲ್ಲಿಗೆ ಕಂಪನಿ ಏನು ಹಾಕುತ್ತಿತ್ತು ಅನ್ನೋದನ್ನ ಮೊದಲೇ ತಿಳಿದುಕೊಂಡು ಹೋಗಬೇಕು, ಅಷ್ಟೇ. ಹತ್ತು ನಿಮಿಷದ ಹುಡುಕಾಟದಲ್ಲಿ ಸಿಗುವ ಮಾಹಿತಿ ಇದು. ಲಕ್ಷಗಟ್ಟಲೆ ಕೊಡಲು ಹೊರಟವರೂ ಆ ಹತ್ತು ನಿಮಿಷ ಕೊಡಲ್ಲ ಅನ್ನೋದು ನನಗೆ ಇವತ್ತಿಗೂ ಸೋಜಿಗ.

ಮುಚ್ಚಳ ತೆಗೆಯುವ ಮೊದಲು

ನಿಮ್ಮ ಜೇಬಿನಲ್ಲಿರುವ ಫೋನೇ ಮೊದಲ ಪರೀಕ್ಷೆಗೆ ಸಾಕು. ಕ್ಯಾಮೆರಾದಲ್ಲಿ ಸ್ಲೋ ಮೋಷನ್ ಹಾಕಿ, ಸೆಕೆಂಡಿನ ಮುಳ್ಳನ್ನು ಹತ್ತಿರದಿಂದ ಹತ್ತು ಸೆಕೆಂಡು ಚಿತ್ರೀಕರಿಸಿ. ಬರಿಗಣ್ಣಿಗೆ ಜಾರಿದಂತೆ ಕಾಣುವ ಮುಳ್ಳು ನಿಜಕ್ಕೂ ಸಣ್ಣ ಸಣ್ಣ ಹೆಜ್ಜೆ ಇಡುತ್ತಿರುತ್ತದೆ. ಒಂದು ಸೆಕೆಂಡಿಗೆ ಎಷ್ಟು ಹೆಜ್ಜೆ ಎನ್ನುವುದು ಮಷೀನಿನ ಗುಣ, ಮುಖಕ್ಕೆ ಎಷ್ಟು ಪಾಲಿಶ್ ಹಾಕಿದರೂ ಅದು ಬದಲಾಗಲ್ಲ. ಗಂಟೆಗೆ 28,800 ಬಡಿತದ ಮಷೀನಾದರೆ ಸೆಕೆಂಡಿಗೆ 8 ಹೆಜ್ಜೆ. 25,200 ಆದರೆ 7. 21,600 ಆದರೆ 6. ಈಗಿನ ಒಮೇಗಾ ಸೀಮಾಸ್ಟರ್ ಡೈವರ್ 300ಎಂ ಒಳಗಿರುವ 8800 ಮಷೀನಿನ ಬಡಿತ 25,200. ಅಂಥ ವಾಚಿನ ಮುಳ್ಳು 8 ಹೆಜ್ಜೆ ಇಡುತ್ತಿದ್ದರೆ ಮಾತುಕತೆ ಅಲ್ಲಿಗೇ ಮುಗಿಸಬಹುದು. ಇನ್ನು ಹಳೇ ಆಟೋಮ್ಯಾಟಿಕ್ ವಾಚಿನ ಮುಳ್ಳು ಸೆಕೆಂಡಿಗೊಮ್ಮೆ ಟಕ್ ಟಕ್ ಅಂತ ಕುಪ್ಪಳಿಸುತ್ತಿದ್ದರೆ, ಯಾರೋ ಅದರ ಹೊಟ್ಟೆ ಬಗೆದು ಅಗ್ಗದ ಸೆಲ್ ಮಷೀನು ತುರುಕಿದ್ದಾರೆ ಅಂತಲೇ ಲೆಕ್ಕ.

ಎರಡನೇ ಪರೀಕ್ಷೆ ಕೀಯದು. ರೋಲೆಕ್ಸ್ ಡೇಟ್‌ಜಸ್ಟ್ 1601 ಅಥವಾ 1603 ನಮ್ಮೂರಲ್ಲೂ ಮಾರಾಟಕ್ಕೆ ಕಾಣಿಸಿಕೊಳ್ಳುವ ಹಳೇ ಮಾಡೆಲ್ಲುಗಳು. ಅವುಗಳೊಳಗಿನ 1500ರ ಸಾಲಿನ ಮಷೀನುಗಳಲ್ಲಿ ತಾರೀಕನ್ನು ಮಾತ್ರ ಬೇರೆಯಾಗಿ ತಿರುಗಿಸುವ ಸೌಲಭ್ಯ ಇಲ್ಲ. ಮುಳ್ಳುಗಳನ್ನೇ ಮಧ್ಯರಾತ್ರಿ ದಾಟಿಸಿ ತಾರೀಕು ಬದಲಿಸಬೇಕು. ಆ ಸೌಲಭ್ಯ ಬಂದದ್ದು 1977ರ 3035 ಮಷೀನಿನಿಂದ. ಹಾಗಾಗಿ ನಿಮ್ಮ ಕೈಗೆ ಬಂದ 1603ರ ಕೀ ಅರ್ಧ ಎಳೆದು ತಿರುಗಿಸಿದಾಗ ತಾರೀಕು ಸರಸರ ಓಡಿದರೆ, ಖುಷಿಪಡಬೇಡಿ, ಪ್ರಶ್ನೆ ಕೇಳಿ. ಹಾಗೆಯೇ ಗಾಜಿನ ಬೆನ್ನಿನ ಮೂಲಕ ಮಷೀನು ತೋರಿಸುವ ಹಳೇ ರೋಲೆಕ್ಸ್ ಅಂತ ಯಾರಾದರೂ ಆಸೆ ತೋರಿಸಿದರೆ ದೂರದಿಂದಲೇ ಕೈ ಮುಗಿಯಿರಿ. ದಶಕಗಳ ಕಾಲ ಆ ಕಂಪನಿಯ ಮಾಮೂಲಿ ಮಾಡೆಲ್ಲುಗಳ ಬೆನ್ನು ಗಟ್ಟಿ ಲೋಹದ್ದೇ. 2023ರಲ್ಲಿ ಬಂದ 1908ರಂಥ ಕೆಲವೇ ಮಾಡೆಲ್ಲುಗಳಿಗೆ ಗಾಜು ಹಾಕಿದ್ದಾರೆ.

ಮಾರುವವರು ಕಳಿಸುವ ಮಷೀನಿನ ಫೋಟೋ ನಂಬಬೇಡಿ. ಅದು ಅದೇ ವಾಚಿನದು ಅಂತ ಏನು ಗ್ಯಾರಂಟಿ? ನಮ್ಮ ಎದುರೇ ಬಿಚ್ಚಲಿ. ದೂರದ ಊರಾದರೆ ಡಯಲ್ ತೋರಿಸಿ, ತಿರುಗಿಸಿ, ಮುಚ್ಚಳ ಬಿಚ್ಚುವ ತನಕ ಕತ್ತರಿಸದ ಒಂದೇ ವಿಡಿಯೋ ಕೇಳಿ. ಇದಕ್ಕೆ ‘ನೀರು ಹೋಗಿಬಿಡುತ್ತೆ, ಬಿಚ್ಚಬಾರದು’ ಅನ್ನುವ ಉತ್ತರ ಬರುತ್ತದೆ. ಅರ್ಧ ನಿಜ. ಬಿಚ್ಚಿದ ಮೇಲೆ ರಬ್ಬರ್ ರಿಂಗು ನೋಡಿ, ನೀರಿನ ಒತ್ತಡದ ಪರೀಕ್ಷೆ ಮಾಡಿಸಬೇಕು. ವಾರಂಟಿ ಇರುವ ಹೊಸ ವಾಚಾದರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ತೆರೆಸಬೇಕು. ಆದರೆ ಅದು ಬಿಚ್ಚದೇ ಇರೋಕೆ ಕಾರಣ ಅಲ್ಲ, ಸರಿಯಾದ ಕಡೆ ಬಿಚ್ಚಿಸೋಕೆ ಕಾರಣ.

ಅತ್ತೆಯ ಒಮೇಗಾ

ಇದೆಲ್ಲ ನನಗೆ ಬರೀ ಹವ್ಯಾಸವಾಗಿತ್ತು. ಹೋದ ವರ್ಷ ಉಡುಪಿಯಿಂದ ಸೋದರತ್ತೆಯ ಫೋನು ಬಂದಾಗ ಅದಕ್ಕೆ ಬೇರೆಯೇ ತೂಕ ಬಂತು.

ಮಾವ 1969ರಲ್ಲಿ ಕುವೈತಿಗೆ ಹೋದವರು. ಅಲ್ಲಿನ ಮೊದಲ ಉಳಿತಾಯದಲ್ಲಿ ಒಂದು ಒಮೇಗಾ ಸೀಮಾಸ್ಟರ್ ಕೊಂಡಿದ್ದರು. ಊರಿಗೆ ಮರಳಿದ ಮೇಲೂ, ಸಾಯುವ ತನಕ, ಅದೇ ವಾಚು. ಮಾವ ಹೋದ ಮೇಲೆ ಮನೆ ಸೂರಿನ ರಿಪೇರಿಗೆ ದುಡ್ಡು ಬೇಕಾಗಿ ಅತ್ತೆ ಅದನ್ನು ಮಾರಲು ಒಪ್ಪಿದ್ದರು. ಭಾವ ಅದನ್ನು ಒಂದು ದೊಡ್ಡ ಅಂಗಡಿಗೆ ಒಯ್ದ. ಅಂಗಡಿಯವರು ಕೀ ಎಳೆದು ತಿರುಗಿಸಿ, ‘ಒಮೇಗಾದಲ್ಲಿ ತಾರೀಕು ಹೀಗೆ ಬದಲಾಗ್ಬೇಕು, ಇದರಲ್ಲಿ ಆಗ್ತಿಲ್ಲ. ಮಷೀನು ಯಾರೋ ಬದಲಿಸಿದ್ದಾರೆ. ಕೇಸಿಗೆ ಮಾತ್ರ ರೇಟು’ ಎಂದು 12,000 ಹೇಳಿದರಂತೆ.

ದುಡ್ಡಿನ ವಿಷಯಕ್ಕಿಂತ ಅತ್ತೆಯನ್ನು ಚುಚ್ಚಿದ್ದು ಬೇರೆ. ಆ ವಾಚನ್ನು ಮೂವತ್ತು ವರ್ಷ ನೋಡಿಕೊಂಡವರು ರಥಬೀದಿಯ ಹತ್ತಿರ ಸಣ್ಣ ಅಂಗಡಿ ಇಟ್ಟಿದ್ದ ಒಬ್ಬ ರಿಪೇರಿಯವರು. ಮಾವನ ಆಪ್ತ ಸ್ನೇಹಿತರು. ವಯಸ್ಸಾಗಿ ಈಗ ಅಂಗಡಿ ಮುಚ್ಚಿದ್ದಾರೆ, ದಿನಾ ಸಂಜೆ ಅತ್ತೆಯ ಮನೆಯ ಮುಂದೆಯೇ ನಡೆದು ಹೋಗುತ್ತಾರೆ. ಬೇರೆ ಯಾರ ಕೈಗೂ ಆ ವಾಚು ಹೋದದ್ದೇ ಇಲ್ಲ. ಮಷೀನು ಬದಲಾಗಿದೆ ಅಂದರೆ ಬದಲಿಸಿದ್ದು ಯಾರು?

‘ಅವರು ಹಾಗೆ ಮಾಡುವ ಜನ ಅಲ್ಲ ಮಾರಾಯ್ತಿ’ ಅಂದರು ಅತ್ತೆ ಫೋನಿನಲ್ಲಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆದ್ರೂ ಅಂಗಡಿಯವ ಅಷ್ಟು ಗಟ್ಟಿಯಾಗಿ ಹೇಳಿದ ಅಲ್ವಾ? ಎಂತ ಮಾಡುದು? ನಂಗೆ ಈಗ ಅವರನ್ನ ಕಂಡ್ರೆ ಒಳಗೆ ಬನ್ನಿ ಅಂತ ಹೇಳ್ಲಿಕ್ಕೆ ಬಾಯಿ ಬರುದಿಲ್ಲ’ ಅಂದರು.

ಭಾವ ಆ ವಾಚನ್ನು ಬೆಂಗಳೂರಿಗೆ ತಂದ. ನನಗೆ ಪರಿಚಯದ ಒಬ್ಬ ಹಿರಿಯರಿದ್ದಾರೆ. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಶುರುವಾದ ಆ ಕಾರ್ಖಾನೆ ಈ ಊರಿಗೆ ವಾಚು ಮಾತ್ರ ಕೊಡಲಿಲ್ಲ, ವಾಚಿನ ಒಳಗು ಬಲ್ಲ ಒಂದು ಪೀಳಿಗೆಯನ್ನೇ ಕೊಟ್ಟಿತು. ಅವರು ಮನೆಯ ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು, ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು, ಮುಚ್ಚಳ ಬಿಚ್ಚುವ ಮೊದಲು ಕೀಯನ್ನು ಒಮ್ಮೆ ಎಳೆದರು. ಇನ್ನೊಮ್ಮೆ, ಸ್ವಲ್ಪ ಜೋರಾಗಿ, ಇನ್ನೂ ಹೊರಕ್ಕೆ ಎಳೆದರು. ಟಕ್ಕನೆ ತಾರೀಕು ಒಂದು ದಿನ ಮುಂದೆ ಹಾರಿತು. ಮತ್ತೆ ಎಳೆದರು, ಮತ್ತೆ ಹಾರಿತು.

‘ನೋಡಮ್ಮಾ, ಇದರಲ್ಲಿ ತಾರೀಕು ತಿರುಗಿಸೋದಲ್ಲ, ಎಳೆಯೋದು. 565 ಇರಬೇಕು ಒಳಗೆ’ ಅಂದರು.

ಮುಚ್ಚಳ ಬಿಚ್ಚಿದಾಗ ತಾಮ್ರದ ಬಣ್ಣದ ಮಷೀನು. 1960ರ ದಶಕದ ಒಮೇಗಾ ಆಟೋಮ್ಯಾಟಿಕ್‌ಗಳಿಗೆ ಇರುವ ಆ ಗುಲಾಬಿ ಛಾಯೆಯ ಲೇಪ. ಅರ್ಧಚಂದ್ರದ ರೋಟರನ್ನು ಬೆರಳಲ್ಲಿ ಸರಿಸಿ ಟಾರ್ಚ್ ಹಿಡಿದರು. 565 ಎಂಬ ಗುರುತು ಇತ್ತು. ಎಂಟು ಅಂಕಿಯ ಸಂಖ್ಯೆಯೂ ಇತ್ತು, 26ರಿಂದ ಶುರು. ಆ ಕಾಲದ ಒಮೇಗಾಗಳಲ್ಲಿ ಈ ಸಂಖ್ಯೆ ಇರೋದು ಮಷೀನಿನ ಮೇಲೇ. ಸಂಗ್ರಾಹಕರು ಬಳಸುವ ಪಟ್ಟಿಗಳ ಪ್ರಕಾರ 26ರ ಸಾಲು ಬರೋದು 1968ರ ಆಸುಪಾಸಿಗೆ. ಮುಚ್ಚಳದ ಒಳಬದಿಯಲ್ಲಿ ಮಾಡೆಲ್ ಸಂಖ್ಯೆ 166.010. ನಾನು ಫೋನಿನಲ್ಲಿ ಹುಡುಕಿದೆ. ಆ ಮಾಡೆಲ್ಲಿಗೆ ಹಾಕುತ್ತಿದ್ದ ಮಷೀನುಗಳು 562 ಮತ್ತು 565. ಎರಡನೇ ಅರ್ಥದ ಒರಿಜಿನಲ್ ಅಲ್ಲಿಗೆ ಖಾತ್ರಿಯಾಯಿತು. ಕಾಲವೂ ಕೂಡಿಬಂತು: 1968ರ ಸುಮಾರಿಗೆ ತಯಾರಾದ ವಾಚು, 1969ರ ನಂತರ ಕುವೈತಿನಲ್ಲಿ ಕೊಂಡದ್ದು.

ಅವರು ಅಲ್ಲಿಗೇ ಬಿಡಲಿಲ್ಲ. ಮಷೀನು ಬದಲಿಸಿದ ವಾಚಿನಲ್ಲಿ ಗುರುತು ಉಳಿದೇ ಇರುತ್ತದೆ ಅಂತ ಒಂದೊಂದಾಗಿ ತೋರಿಸಿದರು. ಡಯಲಿನ ಹಿಂದೆ ಎರಡು ಸಣ್ಣ ಕಾಲುಗಳಿರುತ್ತವೆ, ಅವು ಮಷೀನಿನ ತೂತಿಗೆ ಸರಿಯಾಗಿ ಕೂರಬೇಕು. ಬೇರೆ ಮಷೀನಿಗೆ ತೂತು ಬೇರೆ ಕಡೆ. ಆಗ ಕೆಲವರು ಕಾಲು ಕತ್ತರಿಸಿ ಡಯಲನ್ನು ಅಂಟಿನಲ್ಲಿ ಕೂರಿಸುತ್ತಾರೆ. ಮಷೀನು ಚಿಕ್ಕದಾದರೆ ಸುತ್ತಲೂ ಪ್ಲಾಸ್ಟಿಕ್ಕಿನ ಬಳೆ ತುರುಕುತ್ತಾರೆ. ಕೀಯ ಕಡ್ಡಿ ಕೇಸಿನ ತೂತಿಗೆ ನೇರ ಬರದೆ ಒಂದು ಬದಿಗೆ ಉಜ್ಜುತ್ತದೆ. ತಾರೀಕು ಕಿಟಕಿಯ ನಡುವೆ ನಿಲ್ಲದೆ ಮೂಲೆಗೆ ಸರಿಯುತ್ತದೆ. ಅತ್ತೆಯ ವಾಚಿನಲ್ಲಿ ಇದ್ಯಾವುದೂ ಇಲ್ಲ. ಸ್ಕ್ರೂಗಳ ತಲೆ ಕೂಡ ಕೆತ್ತಿಹೋಗಿಲ್ಲ. ‘ಯಾರು ಕೆಲಸ ಮಾಡಿದ್ದಾರೋ, ಕೈ ತುಂಬಾ ಚೊಕ್ಕ’ ಅಂದರು. ಕೀಯ ತಲೆ ಮತ್ತು ಮೇಲಿನ ಗಾಜು ಮಾತ್ರ ಆಮೇಲೆ ಹಾಕಿದ್ದು. ಐವತ್ತು ವರ್ಷ ಕಟ್ಟಿದ ವಾಚಿಗೆ ಅದು ಮಾಮೂಲಿ.

ಆಮೇಲೆ ಮುಚ್ಚಳದ ಒಳಬದಿಯನ್ನು ಬೆಳಕಿಗೆ ಓರೆ ಹಿಡಿದು ನನ್ನ ಕೈಗೆ ಭೂತಗನ್ನಡಿ ಕೊಟ್ಟರು. ಸೂಜಿಯಲ್ಲಿ ಗೀಚಿದಂಥ ಪುಟ್ಟ ಅಕ್ಷರಗಳು. ರಿಪೇರಿಯವರ ಹಳೇ ಪದ್ಧತಿ ಇದು. ಸರ್ವಿಸ್ ಮಾಡಿದಾಗೆಲ್ಲ ಮುಚ್ಚಳದ ಒಳಗೆ ತಮ್ಮ ಗುರುತು ಮತ್ತು ತಾರೀಕು ಗೀಚಿ ಇಡುತ್ತಾರೆ. ಮೊದಲನೆಯದು 1981. ಆಮೇಲೆ ನಾಲ್ಕೈದು ವರ್ಷಕ್ಕೊಂದು. ಕೊನೆಯದು 2011. ಎಲ್ಲವೂ ಒಂದೇ ಕೈಬರಹ, ಒಂದೇ ಗುರುತು. ಕೊನೆಯ ಎರಡರಲ್ಲಿ ಮಾತ್ರ ಗೆರೆ ಸ್ವಲ್ಪ ನಡುಗಿದೆ.

ಇದು ಮೂರನೇ ಅರ್ಥದ ಒರಿಜಿನಲ್‌ಗೆ ಪಕ್ಕಾ ಸಾಕ್ಷಿಯಾ? ಕೋರ್ಟಿಗೆ ಸಾಲದು. 1981ಕ್ಕೆ ಮೊದಲು ಕುವೈತಿನಲ್ಲಿ ಏನಾಗಿತ್ತೋ ಗೊತ್ತಿಲ್ಲ, ಕೊಂಡಾಗಿನ ಕಾಗದವೂ ಇಲ್ಲ. ಆದರೆ ಅತ್ತೆಗೆ ಬೇಕಿದ್ದ ಉತ್ತರ ಅಲ್ಲಿತ್ತು. ಆ ಫೋಟೋವನ್ನು ಭಾವ ಅಲ್ಲಿಂದಲೇ ಕಳಿಸಿದ. ಎರಡು ದಿನ ಬಿಟ್ಟು ಅತ್ತೆ ಹೇಳಿದ್ದು: ಅವರನ್ನು ಕರೆದು ಕಾಫಿ ಕೊಟ್ಟು ಫೋಟೋ ತೋರಿಸಿದರಂತೆ. ಅವರು ಕನ್ನಡಕ ಹಾಕಿಕೊಂಡು, ‘1994ರಲ್ಲಿ ಸ್ಪ್ರಿಂಗು ಹಾಕಿದ್ದು ನಾನು, ಮುಂಬೈಯಿಂದ ತರಿಸಿದ್ದೆ’ ಅಂದರಂತೆ. ಅಂಗಡಿಯವ ಹೇಳಿದ ಮಾತನ್ನು ಅತ್ತೆ ಅವರಿಗೆ ಹೇಳಲೇ ಇಲ್ಲ.

ಅಂಗಡಿಯವರಿಗೆ ಆ ಮಷೀನಿನ ತಾರೀಕು ಬದಲಿಸುವ ರೀತಿ ಗೊತ್ತಿರಲಿಲ್ಲವೋ, ಗೊತ್ತಿದ್ದೇ ರೇಟು ಇಳಿಸಿದರೋ, ನಾನು ವಿಚಾರಿಸಲು ಹೋಗಲಿಲ್ಲ. ಎರಡೂ ನಡೆಯುತ್ತವೆ. ಕೊಳ್ಳುವವರಿಗೆ ‘ಒರಿಜಿನಲ್’ ಅಂತ ಮಾರುವ ಬಾಯಿಗಳೇ ಮಾರುವವರಿಗೆ ‘ಡುಪ್ಲಿಕೇಟ್’ ಅನ್ನುತ್ತವೆ. ಮನೆಯ ಹಳೇ ವಾಚು ಮಾರುವವರು ಇದನ್ನು ಮರೆಯಬೇಡಿ.

ಕಾಗದ ಇದ್ದರೆ ಸಾಕೇ?

ಬಾಕ್ಸ್ ಇದೆ, ಕಾರ್ಡ್ ಇದೆ, ಇನ್ನೇನು ಭಯ ಅಂತ ಕೇಳುವವರಿಗೆ ನಾನು ಜಿನೀವಾದ ಕತೆ ಹೇಳುತ್ತೇನೆ. 2021ರ ನವೆಂಬರಿನಲ್ಲಿ ಫಿಲಿಪ್ಸ್ ಹರಾಜಿನಲ್ಲಿ 1957ರ ಒಂದು ಒಮೇಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚಿಗೆ ಹೋಯಿತು. ಒಮೇಗಾ ವಾಚಿಗೆ ಅದು ದಾಖಲೆ ಬೆಲೆ. ಕೊಂಡದ್ದು ಯಾರು? ಒಮೇಗಾ ಕಂಪನಿಯೇ, ತನ್ನ ಮ್ಯೂಸಿಯಂಗೆ. 2023ರಲ್ಲಿ ಅದೇ ಕಂಪನಿ, ಆ ವಾಚು ಬೇರೆ ಬೇರೆ ಕಡೆಯ ಭಾಗಗಳನ್ನು ಸೇರಿಸಿ ಕಟ್ಟಿದ್ದು, ಇದರಲ್ಲಿ ತನ್ನದೇ ಮೂವರು ಮಾಜಿ ನೌಕರರ ಕೈವಾಡ ಇದೆ ಎಂದು ಹೇಳಿತು. ಭಾಗಗಳು ಬಹುಪಾಲು ಅಸಲಿ. ಒಟ್ಟಾಗಿ ಹುಟ್ಟಿದವು ಮಾತ್ರ ಅಲ್ಲ. ಇಂಥದ್ದಕ್ಕೆ ವಾಚಿನ ಲೋಕದಲ್ಲಿ ‘ಫ್ರಾಂಕನ್ ವಾಚ್’ ಅಂತ ಹೆಸರು. ಹೆಣದ ತುಂಡುಗಳನ್ನು ಹೊಲಿದು ಜೀವ ಕೊಟ್ಟ ಫ್ರಾಂಕನ್‌ಸ್ಟೈನ್ ಕತೆಯಿಂದ ಬಂದದ್ದು. ತಯಾರಿಸಿದ ಕಂಪನಿಯೇ ಎಡವಿದ ಜಾಗ ಇದು.

ಹೊಸ ವಾಚುಗಳಲ್ಲಿ ಸ್ವಲ್ಪ ಅನುಕೂಲ ಇದೆ. ಈಚಿನ ಒಮೇಗಾಗಳಲ್ಲಿ ಕೇಸಿನ ಮೇಲಿನ ಸಂಖ್ಯೆ, ಮಷೀನಿನ ಮೇಲಿನ ಸಂಖ್ಯೆ, ಕಾರ್ಡಿನ ಸಂಖ್ಯೆ ಒಂದೇ ಆಗಿರುತ್ತವೆ. ಮೂರನ್ನೂ ಹೋಲಿಸಿ. ರೋಲೆಕ್ಸ್‌ನಲ್ಲಿ ಹಾಗಲ್ಲ. ಮಷೀನಿಗೆ ತನ್ನದೇ ಬೇರೆ ಸಂಖ್ಯೆ ಇರುತ್ತದೆ, ಹೊರಗಿನ ಸಂಖ್ಯೆ ಜೊತೆ ಅದನ್ನು ಜೋಡಿಸಿ ನೋಡುವ ದಾರಿ ನಿಮಗೂ ನನಗೂ ಇಲ್ಲ. ಮೇಲಾಗಿ ಅವರ 3135 ಮಷೀನಿನ ಚೀನೀ ನಕಲುಗಳು ಬಂದಿವೆ. ಅಕ್ಷರ, ಕೆಂಪು ಚಕ್ರ, ನೀಲಿ ಸ್ಪ್ರಿಂಗು ಎಲ್ಲ ಹಾಗೇ. ಬಡಿತವೂ ಅಷ್ಟೇ, 28,800. ಫೋನಿನ ಪರೀಕ್ಷೆ ಅಲ್ಲಿ ಸೋಲುತ್ತದೆ. ಅಂಥ ವಾಚಿನ ಫೋಟೋ ಬಂದರೆ ನಾನು ಅಭಿಪ್ರಾಯವೇ ಹೇಳಲ್ಲ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಒಯ್ಯಿರಿ, ಸರ್ವಿಸ್ ಎಸ್ಟಿಮೇಟ್ ಕೇಳಿ. ಹೊರಗಿನ ಭಾಗ ಕಂಡರೆ ಅವರೇ ಹೇಳುತ್ತಾರೆ, ಕೆಲಸಕ್ಕೆ ತಗೊಳ್ಳಲೂ ಒಪ್ಪಲ್ಲ. ಮಾರುವವರು ನಿಮ್ಮ ಜೊತೆ ಅಲ್ಲಿಗೆ ಬರಲು ತಯಾರಿದ್ದಾರಾ ಅನ್ನೋದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಎಲ್ಲ ಬದಲಾವಣೆಯೂ ಮೋಸ ಅಲ್ಲ ಅಂತಲೂ ಹೇಳಬೇಕು. ಸ್ಪ್ರಿಂಗು, ರಬ್ಬರ್ ರಿಂಗು, ಗಾಜು ಸವೆಯುವ ವಸ್ತುಗಳು. ನೀರು ಹೋಗಿ ಹಾಳಾದ ಮಷೀನನ್ನು ಅದೇ ನಂಬರಿನ ಇನ್ನೊಂದರಿಂದ ಬದಲಿಸಿದ್ದು ದಿನಾ ಕಟ್ಟಿಕೊಳ್ಳುವವರಿಗೆ ಯಾವ ತೊಂದರೆಯನ್ನೂ ಕೊಡಲ್ಲ. ನನಗೆ ಸಿಕ್ಕರೆ ನಾನೇ ಕೊಳ್ಳುತ್ತೇನೆ, ಅದಕ್ಕೆ ತಕ್ಕ ಕಡಿಮೆ ಬೆಲೆಗೆ, ವಿಷಯ ಮೊದಲೇ ಹೇಳಿದ್ದರೆ.

ಹಾಗಾಗಿ ದುಡ್ಡು ಕಳಿಸುವ ಮೊದಲು ಮಾರುವವರಿಂದ ಬಿಲ್ಲಿನ ಮೇಲೆ ಅಥವಾ ಕನಿಷ್ಠ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ: ವಾಚಿನ ಮಾಡೆಲ್ ಸಂಖ್ಯೆ, ಕೇಸಿನ ಸಂಖ್ಯೆ, ಒಳಗಿನ ಮಷೀನಿನ ನಂಬರು, ಬದಲಿಸಿದ ಭಾಗಗಳು ಯಾವುವು, ಸರ್ವಿಸ್ ಸೆಂಟರ್ ಬೇರೆ ಹೇಳಿದರೆ ಎಷ್ಟು ದಿನದೊಳಗೆ ಹಣ ವಾಪಸ್. ‘100% ಒರಿಜಿನಲ್’ ಅಂತಷ್ಟೇ ಬರೆದುಕೊಟ್ಟರೆ ಒಪ್ಪಬೇಡಿ. ಹೋದ ತಿಂಗಳು ನನ್ನ ಟೀಮಿನ ಹುಡುಗ ಈ ಐದು ವಿಷಯ ಟೈಪ್ ಮಾಡಿ ಒಬ್ಬರಿಗೆ ಕಳಿಸಿದ. ನೀಲಿ ಗೆರೆ ಬಿತ್ತು. ಉತ್ತರ ಬರಲಿಲ್ಲ. ಆ ವಾಚು ಮರುದಿನ ಬೇರೆ ಗ್ರೂಪಿನಲ್ಲಿ, ಐದು ಸಾವಿರ ಕಡಿಮೆಗೆ, ಮಾರಾಟಕ್ಕಿತ್ತು.